ಆಳಂದ: ಲಾಗ್ ಸಿಗದೆ ತನಿಖೆ ಪೂರ್ಣವಾಗದು

2023ರ ವಿಧಾನಸಭಾ ಚುನಾವಣೆಗೆ ಮುನ್ನ ಆಳಂದ ಕ್ಷೇತ್ರದಲ್ಲಿ ಮತದಾರರ ಹೆಸರು ಕೈಬಿಡುವಂತೆ ಆನ್‌ಲೈನ್‌ನಲ್ಲಿ ಸಲ್ಲಿಕೆಯಾದ 6,018 ‘ನಮೂನೆ 7’ ಅರ್ಜಿಗಳಲ್ಲಿ ಸಾಚಾ ಎನಿಸಿದ್ದು 24 ಮಾತ್ರ. ಅರ್ಜಿದಾರರೆಂದು ನಮೂದಾದ ಹಲವರಿಗೆ ಅದರ ಸುಳಿವೇ ಇರಲಿಲ್ಲ. ಪರರ ಗುರುತನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಸಿ ಸೆಕ್ಷನ್ ಪ್ರಕಾರ ಮೂರು ವರ್ಷಗಳವರೆಗಿನ ಸಜೆಗೆ ಗುರಿಯಾಗುವ ಅಪರಾಧ.

ಅಪರಾಧಿಯನ್ನು ತೋರಿಸಬೇಕಾದದ್ದು, ಅರ್ಜಿ ಎಲ್ಲಿಂದ ಬಂತೆಂದು ದಾಖಲಿಸುವ ಸರ್ವರ್‌ನ ಲಾಗ್. ತನ್ನಲ್ಲಿದ್ದ ಮಾಹಿತಿಯನ್ನು 2023ರ ಸೆಪ್ಟೆಂಬರ್ 6ರಂದೇ ಕಲಬುರಗಿ ಎಸ್‌ಪಿಗೆ ನೀಡಿದ್ದಾಗಿ ಚುನಾವಣಾ ಆಯೋಗ ಹೇಳಿದೆ. ಡೆಸ್ಟಿನೇಷನ್ ಐಪಿ, ಪೋರ್ಟ್ ವಿವರಗಳಿಗಾಗಿ ಸಿಐಡಿ ಆ ಬಳಿಕವೂ ಪತ್ರ ಬರೆಯುತ್ತಲೇ ಇತ್ತು. ಈ ಹಗ್ಗಜಗ್ಗಾಟದಲ್ಲಿ ಸವೆಯುವುದು ಸಾಕ್ಷ್ಯವೇ. ಕೇಂದ್ರದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್‌–ಇನ್‌ನ 2022ರ ನಿರ್ದೇಶನದಂತೆ ಸಂಸ್ಥೆಗಳು ಲಾಗ್ ಕಾಪಿಡಬೇಕಾದ ಅವಧಿ 180 ದಿನ. ಚುನಾವಣಾ ಅಕ್ರಮದ ತನಿಖೆ ವರ್ಷಗಟ್ಟಲೆ ಸಾಗುತ್ತದೆ. ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನ್ ಕೇಳುವ ಪ್ರಮಾಣಪತ್ರ, ಹ್ಯಾಶ್ ಮೌಲ್ಯ ಇಲ್ಲದಿದ್ದರೆ ಉಳಿದ ಲಾಗ್ ಕೂಡ ಕೋರ್ಟಿನಲ್ಲಿ ನಿಲ್ಲುವುದು ಕಷ್ಟ. ಸರ್ವರ್ ನೋಡಿಕೊಳ್ಳುವ ತಂತ್ರಜ್ಞರಿಗೆ ಇಷ್ಟು ಕಾನೂನು ಗೊತ್ತಿರಲೇಬೇಕು. ಆಳಂದದಲ್ಲಿ ನಡೆದದ್ದು ಅಫಜಲಪುರ, ಜೇವರ್ಗಿಯಲ್ಲಿ ನಡೆಯದೆಂಬ ಖಾತರಿಯೇನೂ ಇಲ್ಲ. ಆಯೋಗವು ತನ್ನ ಬಳಿಯಿರುವ ಸಂಪೂರ್ಣ ತಾಂತ್ರಿಕ ದಾಖಲೆಯನ್ನು ಪ್ರಮಾಣೀಕರಿಸಿ ಈ ಪ್ರಕರಣದ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಬೇಕು. ಪ್ರಕರಣ ಇತ್ಯರ್ಥವಾಗುವವರೆಗೆ ಒಂದು ಲಾಗ್ ಕೂಡ ಅಳಿಯಕೂಡದು.