ಕೈಯಿಂದ ಕಟ್ಟಿದ ಬಂಡಿ

ವಿಜಯಪುರದಿಂದ ಪಡುವಣ ದಿಕ್ಕಿಗೆ ತಿಕೋಟಾ ಸೀಮೆಯನ್ನು ಹೊಕ್ಕರೆ ದ್ರಾಕ್ಷಿಯ ಹಂದರಗಳೂ ಬಿಸಿಲಿಗೆ ಬಿರಿದ ಹೊಲಗಳೂ ಒಂದರ ಮಗ್ಗುಲಲ್ಲಿ ಒಂದು ಕಾಣುತ್ತವೆ. ಕಳ್ಳಕವಟಗಿ ಈ ಸೀಮೆಯ ಊರು. ಇಂಥ ಊರುಗಳಲ್ಲಿ ಹಿಂದೆ ಚಕ್ಕಡಿಯನ್ನು ಯಾರೂ ದೂರದ ಪೇಟೆಯಿಂದ ಕೊಂಡು ತರುತ್ತಿರಲಿಲ್ಲ. ಅದು ಊರಿನಲ್ಲಿಯೇ ಹುಟ್ಟುತ್ತಿತ್ತು. ಬಡಿಗನು ಜಾಲಿಯ ಕಟ್ಟಿಗೆಯನ್ನು ಕೆತ್ತಿ ಗಾಲಿಯನ್ನು ಹೂಡುತ್ತಿದ್ದನು. ಕಂಬಾರನು ಆ ಗಾಲಿಯ ಸುತ್ತಳತೆಗಿಂತ ತುಸು ಕಿರಿದಾದ ಕಬ್ಬಿಣದ ಹಳಿಯನ್ನು ಕುಳ್ಳಿನ ಬೆಂಕಿಯಲ್ಲಿ ಕೆಂಪಗೆ ಕಾಸಿ, ಗಾಲಿಗೆ ತೊಡಿಸಿ, ಮೇಲೆ ನೀರು ಸುರಿಯುತ್ತಿದ್ದನು. ಕಾಯ್ದಾಗ ಹಿಗ್ಗಿದ ಹಳಿಯು ತಣಿದಾಗ ಕುಗ್ಗಿ ಗಾಲಿಯನ್ನು ಬಿಗಿಯಾಗಿ ಅಪ್ಪಿಕೊಳ್ಳುತ್ತಿತ್ತು. ವಿಜ್ಞಾನದ ಪುಸ್ತಕದಲ್ಲಿ ವಿದ್ಯಾರ್ಥಿಗಳು ಇಂದು ಬಾಯಿಪಾಠ ಮಾಡುವ ನಿಯಮವು ಆ ಕಂಬಾರನ ಕೈಗೆ ತಿಳಿದಿತ್ತು.

ಇಂದು ಕಾಲ ಬದಲಾಗಿದೆ. ಬೇಕಾದುದೆಲ್ಲ ಸಿದ್ಧವಾಗಿ ಅಂಗಡಿಗೆ ಬರುತ್ತದೆ. ಕೆಟ್ಟರೆ ತಿಪ್ಪೆಗೆ ಹೋಗುತ್ತದೆ. ಓದುವವರು ಕೈಯನ್ನು ಮಸಿಮಾಡಿಕೊಳ್ಳುವುದಿಲ್ಲ. ಕೈಯಿಂದ ದುಡಿಯುವವರಿಗೆ ಓದಲು ಬಿಡುವಿಲ್ಲ. ಈ ಎರಡು ಗುಂಪುಗಳ ನಡುವಿನ ಕಂದಕವು ನಾಡಿಗೆ ಒದಗಿರುವ ದೊಡ್ಡ ಬಡತನ. ಇದನ್ನು ದಾಟುವ ಸಣ್ಣ ಸೇತುವೆಯೊಂದು ಮಕ್ಕಳ ಆಟದಲ್ಲಿಯೇ ಇದೆ.

ಹಳೆಯ ಬೇರಿಂಗುಗಳನ್ನು ಹಲಗೆಗೆ ಜೋಡಿಸಿ ಇಳಿಜಾರಿನಲ್ಲಿ ಉರುಳಿಬರುವ ಗಾಡಿಯನ್ನು ಬಹಳ ಊರುಗಳ ಮಕ್ಕಳು ಬಲ್ಲರು. ಅದರ ಮುಂದಿನ ಮೆಟ್ಟಿಲೇ ವಿದ್ಯುತ್ತಿನಿಂದ ಓಡುವ ಮೂರು ಗಾಲಿಯ ಬಂಡಿ. ಇದನ್ನು ‘ಡ್ರಿಫ್ಟ್ ಟ್ರೈಕ್’ ಎಂದು ಕರೆಯುತ್ತಾರೆ. ಇದರ ಮುಂದಿನ ಗಾಲಿ ಸೈಕಲ್ಲಿನದು. ಹಿಂದಿನ ಎರಡು ಸಣ್ಣ ಗಾಲಿಗಳಿಗೆ ಪ್ಲಾಸ್ಟಿಕ್ ಕೊಳವೆಯ ತೋಳನ್ನು ತೊಡಿಸಿರುತ್ತಾರೆ. ರಬ್ಬರಿನಂತೆ ನೆಲವನ್ನು ಹಿಡಿಯಲಾರದ ಆ ನುಣುಪಾದ ಗಾಲಿಗಳು ತಿರುವಿನಲ್ಲಿ ಪಕ್ಕಕ್ಕೆ ಜಾರುತ್ತವೆ. ಆ ಜಾರಾಟವೇ ಇದರ ಸೊಗಸು. ಘರ್ಷಣೆಯೆಂದರೇನು ಎಂಬ ಪ್ರಶ್ನೆಗೆ ಇದಕ್ಕಿಂತ ಒಳ್ಳೆಯ ಉತ್ತರವನ್ನು ಕರಿಹಲಗೆಯೂ ಕೊಡಲಾರದು.

ಇದು ಕೇವಲ ಆಟಿಕೆಯೆಂದು ಹಿರಿಯರು ಹಗುರವಾಗಿ ಕಾಣಬಾರದು. 1881ರಲ್ಲಿ ಗುಸ್ತಾವ್ ತ್ರೂವೆ ಎಂಬ ಫ್ರೆಂಚ್ ಶೋಧಕನು ಪ್ಯಾರಿಸಿನಲ್ಲಿ ಓಡಿಸಿ ತೋರಿಸಿದ ವಿದ್ಯುತ್ ವಾಹನವು ಮೂರು ಗಾಲಿಯ ಸೈಕಲ್ಲಿಗೆ ಮೋಟಾರನ್ನೂ ಬ್ಯಾಟರಿಯನ್ನೂ ಕಟ್ಟಿ ಮಾಡಿದುದೇ ಆಗಿತ್ತು. ಮರುವರ್ಷ ಇಂಗ್ಲೆಂಡಿನ ಏರ್ಟನ್ ಮತ್ತು ಪೆರಿ ಎಂಬ ಇಬ್ಬರು ಪ್ರಾಧ್ಯಾಪಕರು ಅಂಥದೇ ತ್ರಿಚಕ್ರಿಯನ್ನು ಕಟ್ಟಿ ಅದಕ್ಕೆ ವಿದ್ಯುದ್ದೀಪವನ್ನೂ ಇರಿಸಿದರು. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾದ ‘ರೇವಾ’ ಎಂಬ ವಿದ್ಯುತ್ ಕಾರು ಮಾರುಕಟ್ಟೆಗೆ ಬಂದಿತು. ಆದುದರಿಂದ ಹಳೆಯ ಸೈಕಲ್ಲಿಗೆ ಮೋಟಾರು ಕಟ್ಟಲು ಹೊರಟ ಹಳ್ಳಿಯ ಹುಡುಗನೂ ಹುಡುಗಿಯೂ, ಮಹನೀಯರು ಹೊರಟಲ್ಲಿಂದಲೇ ಹೊರಟಿದ್ದಾರೆಂದು ತಿಳಿಯಬೇಕು.

ಕಡಿಮೆ ಹಣದಲ್ಲಿ ಈ ಬಂಡಿಯನ್ನು ಕಟ್ಟುವುದು ಹೇಗೆ? ಗುಜರಿಯ ಅಂಗಡಿಯಲ್ಲಿ ದೊರೆಯುವ ಮುರುಕು ಸೈಕಲ್ಲಿನಿಂದ ಹ್ಯಾಂಡಲು ಮತ್ತು ಮುಂದಿನ ಫೋರ್ಕು ದೊರೆಯುತ್ತವೆ. ಕಬ್ಬಿಣದ ಕೊಳವೆಗಳಿಂದ ಚೌಕಟ್ಟನ್ನೂ ಗಟ್ಟಿ ಸಲಾಕೆಯಿಂದ ಹಿಂದಿನ ಅಚ್ಚನ್ನೂ ಮಾಡಬಹುದು. ಕೂರುವ ಪೀಠವು ನೆಲಕ್ಕೆ ಹತ್ತಿರವಿದ್ದಷ್ಟು ಬಂಡಿ ಮಗುಚುವ ಭಯ ಕಡಿಮೆ. ಹಿಂದಿನ ಗಾಲಿಗಳು ಜಾರುವುದರಿಂದ ಎಳೆಯುವ ಕೆಲಸವನ್ನು ಮುಂದಿನ ಗಾಲಿಗೆ ಒಪ್ಪಿಸುವುದು ಸುಲಭದ ದಾರಿ. ಇದಕ್ಕಾಗಿ ಗಾಲಿಯ ಗುಂಬದೊಳಗೇ ಅಡಗಿದ ‘ಹಬ್ ಮೋಟಾರು’ ದೊರೆಯುತ್ತದೆ. ಮೋಟಾರು ತಿರುಗುವಾಗ ಅದರ ಅಚ್ಚು ಫೋರ್ಕಿನಿಂದ ಹೊರಳಿ ಕಳಚದಂತೆ ಒಂದು ಉಕ್ಕಿನ ಹಿಡಿಕೆಯಿಂದ ಅದನ್ನು ಬಿಗಿಯಬೇಕು. ಬೆಸುಗೆಯನ್ನು ನುರಿತ ಕೈಗೇ ಬಿಡುವುದು ಲೇಸು.

ಇನ್ನು ಲೆಕ್ಕ. 12 ವೋಲ್ಟಿನ ನಾಲ್ಕು ಬ್ಯಾಟರಿಗಳನ್ನು ಒಂದರ ಬೆನ್ನಿಗೆ ಒಂದನ್ನು ಜೋಡಿಸಿದರೆ 48 ವೋಲ್ಟು ಆಗುತ್ತದೆ. 350 ವ್ಯಾಟಿನ ಮೋಟಾರು ಅದರಿಂದ ಸುಮಾರು 7 ಆಂಪಿಯರ್ ಪ್ರವಾಹವನ್ನು ಎಳೆಯುತ್ತದೆ. ಬ್ಯಾಟರಿಗಳು 7 ಆಂಪಿಯರ್-ಗಂಟೆಯವಾದರೆ ಬಂಡಿ ಒಂದು ಗಂಟೆ ಓಡಬೇಕೆಂದು ಕಾಗದ ಹೇಳುತ್ತದೆ. ಆದರೆ ಸೀಸದ ಬ್ಯಾಟರಿಯಿಂದ ಪ್ರವಾಹವನ್ನು ರಭಸವಾಗಿ ಎಳೆದಷ್ಟು ಅದು ಕೊಡುವುದು ಕಡಿಮೆಯಾಗುತ್ತದೆ. ಬಂಡಿ ಅದಕ್ಕಿಂತ ಬೇಗನೆ ನಿಲ್ಲುತ್ತದೆ. ಕಾಗದದ ಲೆಕ್ಕಕ್ಕೂ ನೆಲದ ಲೆಕ್ಕಕ್ಕೂ ಇರುವ ಅಂತರವನ್ನು ಅರಿಯುವುದೇ ಪ್ರಯೋಗದ ಫಲ. ಕೂಡಗಿಯ ಉಷ್ಣವಿದ್ಯುತ್ ಸ್ಥಾವರವೂ ಆಲಮಟ್ಟಿಯ ಜಲವಿದ್ಯುದಾಗಾರವೂ ಇರುವ ಜಿಲ್ಲೆಯ ಮಕ್ಕಳು, ವಿದ್ಯುತ್ತನ್ನು ಗುಂಡಿ ಒತ್ತಿದರೆ ಬರುವ ಪವಾಡವೆಂದು ಭಾವಿಸಿ ಬೆಳೆಯಬಾರದು.

ಹಣವನ್ನು ಉಳಿಸಬೇಕಾದ ಸ್ಥಳಗಳು ಹಲವು. ಉಳಿಸಬಾರದ ಸ್ಥಳಗಳು ಕೆಲವು. ಬಣ್ಣವಿಲ್ಲದಿದ್ದರೂ ಬಂಡಿ ಓಡುತ್ತದೆ. ಪೀಠವು ಹಳೆಯ ಕುರ್ಚಿಯದಾದರೂ ನಡೆಯುತ್ತದೆ. ಬ್ರೇಕಿನ ವಿಷಯದಲ್ಲಿ ಮಾತ್ರ ಜಿಪುಣತನ ಸಲ್ಲದು. ಹಿಂದಿನ ಗಾಲಿಗಳಿಗೆ ಹಿಡಿತವಿಲ್ಲವಾದುದರಿಂದ ಮುಂದಿನ ಗಾಲಿಯ ಬ್ರೇಕೇ ಸವಾರನಿಗೆ ನಿಜವಾದ ಆಸರೆ. ವೇಗವು ಇಮ್ಮಡಿಯಾದರೆ ಬಂಡಿಯ ಚಲನಶಕ್ತಿ ನಾಲ್ಕು ಪಟ್ಟಾಗುತ್ತದೆ. ನಿಲ್ಲಿಸಲು ಬೇಕಾಗುವ ದೂರವೂ ಹಾಗೆಯೇ ಬೆಳೆಯುತ್ತದೆ. ಬ್ಯಾಟರಿಯ ಹತ್ತಿರವೇ ಫ್ಯೂಸು ಇಲ್ಲದಿದ್ದರೆ, ಎರಡು ತಂತಿಗಳು ತಾಗಿದ ಕ್ಷಣದಲ್ಲಿ ತಂತಿ ಕರಗಿ ಬೆಂಕಿ ಹತ್ತಬಹುದು. ತಲೆಗೆ ಶಿರಸ್ತ್ರಾಣ ಬೇಕೇ ಬೇಕು. ಹಣ ಸಾಲದಿದ್ದರೆ ಮೋಟಾರನ್ನು ಮುಂದಿನ ವರ್ಷಕ್ಕೆ ಬಿಡಲಿ, ಬ್ರೇಕನ್ನು ಬಿಡದಿರಲಿ. ಇಂಥ ಬಂಡಿಗೆ ಹೆದ್ದಾರಿಯು ತಕ್ಕ ಸ್ಥಳವಲ್ಲ. 1988ರ ಮೋಟಾರು ವಾಹನಗಳ ಕಾಯ್ದೆಯಂತೆ 16 ವರ್ಷ ತುಂಬದವರು ಸಾರ್ವಜನಿಕ ಸ್ಥಳದಲ್ಲಿ ಯಾವ ಮೋಟಾರು ವಾಹನವನ್ನೂ ನಡೆಸುವಂತಿಲ್ಲ. ಜನಸಂಚಾರವಿಲ್ಲದ ಗಟ್ಟಿನೆಲದ ಅಂಗಳ, ಪಕ್ಕದಲ್ಲಿ ಒಬ್ಬ ಹಿರಿಯರು, ಇವು ಇದ್ದರೆ ಸಾಕು.

ಇಂಥ ಕೆಲಸದಿಂದ ಓದು ಕೆಡುತ್ತದೆಂದು ಪಾಲಕರು ಆತಂಕ ಪಡುವುದುಂಟು. ಆ ಆತಂಕ ಸುಳ್ಳಲ್ಲ; ಎಲ್ಲಕ್ಕೂ ಒಂದು ಹೊತ್ತಿರಬೇಕು. ದುಡಿದು ತಂದ ಹಣವನ್ನು ಆಟಕ್ಕೆ ಸುರಿಯಲು ಎಲ್ಲ ಮನೆಗಳಿಗೂ ಆಗದೆಂಬುದೂ ನಿಜ. ಆದರೆ ಒಬ್ಬರಿಗೆ ಹೊರೆಯಾದುದು ಹತ್ತು ಮಂದಿಗೆ ಹಗುರ. ಶಾಲೆಯೊಂದರ ಮಕ್ಕಳು ಕೂಡಿ ಒಂದು ಬಂಡಿಯನ್ನು ಕಟ್ಟಿದರೆ ವೆಚ್ಚವೂ ಹಂಚಿಹೋಗುತ್ತದೆ, ವಿದ್ಯೆಯೂ ಹಂಚಿಹೋಗುತ್ತದೆ. ಊರಿನ ಕಂಬಾರನೂ ಪಂಪುಸೆಟ್ಟು ದುರಸ್ತಿ ಮಾಡುವವನೂ ಅಂದು ಆ ಮಕ್ಕಳಿಗೆ ಗುರುಗಳಾಗುತ್ತಾರೆ. ಇದೇ ಜಿಲ್ಲೆಯಲ್ಲಿ ಹುಟ್ಟಿದ ಬಸವಣ್ಣನವರು ಕಾಯಕಕ್ಕೆ ಹಿರಿಮೆಯನ್ನು ತಂದರು. ಅವರ ಕಾಲದ ಶರಣರಲ್ಲಿ ಬಡಿಗತನದ ಬಾಚಿಕಾಯಕದ ಬಸವಯ್ಯನಿಗೂ ಗೌರವದ ಸ್ಥಾನವಿತ್ತು. ಅಂಥ ನೆಲದಲ್ಲಿ ಎಣ್ಣೆ ಹತ್ತಿದ ಕೈಯನ್ನು ಕೀಳೆಂದು ಕಾಣುವುದು ತರವಲ್ಲ. ಹೆಣ್ಣುಮಕ್ಕಳಿಗೆ ಸ್ಪ್ಯಾನರು ಒಗ್ಗದೆಂದು ದೂರವಿಡುವುದೂ ತರವಲ್ಲ.

ಬಂಡಿ ಒಂದೆರಡು ವರ್ಷಗಳಲ್ಲಿ ಮುರಿಯಬಹುದು. ಅದನ್ನು ಕಟ್ಟಿದ ಕೈ ಮಾತ್ರ ಕಲಿತುದನ್ನು ಮರೆಯದು. ಚಕ್ಕಡಿಯ ಗಾಲಿಯನ್ನು ಅಚ್ಚಿನಲ್ಲಿ ಹಿಡಿದಿಡುವುದು ಬೆರಳುದ್ದದ ಕಡೆಗೀಲು. ನೋಡುವವರ ಕಣ್ಣಿಗೆ ಅದು ಬೀಳುವುದಿಲ್ಲ. ಆದರೆ ಅದು ಕಳಚಿದರೆ ಹೇರು ತುಂಬಿದ ಚಕ್ಕಡಿಯೂ ಮುಂದೆ ಸಾಗದು. ವಿದ್ಯೆಗೆ ಅಂಥ ಕಡೆಗೀಲು ಕೈಯ ಕೆಲಸ.