ಪಂಪಿಗೆ ಮುನ್ನ ಗೇಜು

ಕೊಳೆರೋಗಕ್ಕೆ ಬೋರ್ಡೋ ಹೊಡೆಯುವಾಗ ಒತ್ತಡ ಇಳಿದರೆ ಬೆಳೆಗಾರರಾರೂ ಹೊಸ ಪಂಪಿಗಾಗಿ ಪೇಟೆಗೆ ಓಡುವುದಿಲ್ಲ. ಮೊದಲು ಜಾಲರಿ, ಪೈಪು, ನಾಜಲ್ ನೋಡುತ್ತಾರೆ. ಹಳೆಯ ಕಾರಿನ ವಿಷಯದಲ್ಲಿ ಈ ವಿವೇಕ ಏಕಿಲ್ಲ?

ಸುಮಾರು 2000ದ ಹೊತ್ತಿಗೆ ಮಾರುತಿ 800ರಲ್ಲಿ ಕಾರ್ಬ್ಯುರೇಟರ್ ಹೋಗಿ ಎಂಪಿಎಫ್‌ಐ ಬಂತು. ಅಂಥ ಗಾಡಿಯಲ್ಲಿ ನೆಲಹಾಸು ಕಲ್ಲು ನೋಡಲೆಂದು ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ, ಚಿಂಚೋಳಿ ಕಡೆ ಹೋದರೆ ಎದುರಾಗುವುದು 40 ಡಿಗ್ರಿ ಮೀರುವ ಬೇಸಿಗೆ, ಗಣಿ-ಸಿಮೆಂಟಿನ ಧೂಳು. ಗಾಡಿ ಎಳೆಯದಿದ್ದರೆ ‘ಪಂಪು ಹೋಗಿದೆ’ ಎನ್ನುವುದು ಸುಲಭ. ಆದರೆ ಏರ್ ಫಿಲ್ಟರಿಗೆ ಧೂಳು ಕಟ್ಟಿದರೂ ಎಳೆತ ಕುಗ್ಗುತ್ತದೆ. ಲಕ್ಷಣ ಒಂದೇ, ಕಾರಣ ಹಲವು.

ಆದ್ದರಿಂದ ಮೆಕ್ಯಾನಿಕ್ ಮೊದಲು ಗೇಜು ಹಾಕಲಿ. ಇಂಥ ಗಾಡಿಗಳಲ್ಲಿ ಪೆಟ್ರೋಲಿನ ಒತ್ತಡ ಸಾಮಾನ್ಯವಾಗಿ 2.5ರಿಂದ 3 ಬಾರ್. ನಿಖರ ಅಂಕಿಯನ್ನು ಆಯಾ ಗಾಡಿಯ ಕೈಪಿಡಿಯಲ್ಲಿ ನೋಡಬೇಕು. ಕಡಿಮೆ ಬಂದರೆ ಪಂಪಿಗೆ ಸರಿಯಾದ ವೋಲ್ಟೇಜ್ ತಲುಪಿದೆಯೇ, ಪೆಟ್ರೋಲ್ ಫಿಲ್ಟರ್ ಕಟ್ಟಿದೆಯೇ ಪರೀಕ್ಷಿಸಲಿ. ರೆಗ್ಯುಲೇಟರಿನ ವ್ಯಾಕ್ಯೂಮ್ ಪೈಪಿನಲ್ಲಿ ಪೆಟ್ರೋಲ್ ಕಂಡರೆ ರೆಗ್ಯುಲೇಟರೇ ಕೆಟ್ಟಿದೆ. ಎಲ್ಲ ಸರಿಯಿದ್ದರೆ ಮಾತ್ರ ಪಂಪಿನ ಮಾತು. ಕೆಲಸ ಮುಗಿಯುವವರೆಗೆ ಬೀಡಿ, ಬೆಂಕಿ ಹತ್ತಿರ ಸುಳಿಯದಿರಲಿ.

ಟ್ಯಾಂಕಿನೊಳಗಿನ ಪಂಪನ್ನು ತಣ್ಣಗಿಡುವುದು ಪೆಟ್ರೋಲೇ. ಬಿಸಿಲಿನಲ್ಲಿ ಟ್ಯಾಂಕು ಬರಿದಾಗಲು ಬಿಡಬಾರದು.

ತೂಕ ನೋಡದೆ ನಾವು ಅಡಿಕೆ ಮಾರುವುದಿಲ್ಲ. ಒತ್ತಡದ ಅಂಕಿ ನೋಡದೆ ಪಂಪಿಗೆ ಹಣವನ್ನೂ ಕೊಡಬಾರದು.