ತೇಪೆ ಸಿದ್ಧವಾದರೆ ಸಾಲದು, ತಲುಪಬೇಕು

2024ರ ಅಕ್ಟೋಬರ್ 8, ಮಂಗಳವಾರ. ಫೈರ್‌ಫಾಕ್ಸ್ ಬ್ರೌಸರ್ ರೂಪಿಸುವ ಮೊಜಿಲ್ಲಾ ಸಂಸ್ಥೆಗೆ ಇಸೆಟ್ ಎಂಬ ಭದ್ರತಾ ಕಂಪನಿಯಿಂದ ಒಂದು ವರದಿ ಬಂತು. ದಾಳಿಕೋರರು ಆಗಲೇ ಬಳಸುತ್ತಿದ್ದ ಕೋಡ್‌ನ ಮಾದರಿಯೂ ಅದರ ಜೊತೆಗಿತ್ತು. ಅವರು ಸಿದ್ಧಪಡಿಸಿದ ಪುಟವನ್ನು ಫೈರ್‌ಫಾಕ್ಸ್‌ನಲ್ಲಿ ತೆರೆದರೆ ಮುಗಿಯಿತು. ಏನನ್ನೂ ಒತ್ತಬೇಕಿಲ್ಲ, ಯಾವ ಫೈಲನ್ನೂ ಇಳಿಸಿಕೊಳ್ಳಬೇಕಿಲ್ಲ, ಅವರ ಕೋಡ್ ಬ್ರೌಸರಿನೊಳಗೆ ಓಡತೊಡಗುತ್ತಿತ್ತು. ವಿಂಡೋಸ್‌ನ ಮತ್ತೊಂದು ದೋಷವನ್ನೂ ಇದಕ್ಕೆ ಜೋಡಿಸಿಕೊಂಡಿದ್ದರಿಂದ ಇಡೀ ಕಂಪ್ಯೂಟರೇ ಅವರ ಕೈಗೆ ಸಿಗುತ್ತಿತ್ತು.

ಮೊಜಿಲ್ಲಾದ ಎಂಜಿನಿಯರುಗಳು ಆ ಕೋಡನ್ನು ಬಿಡಿಸಿ ನೋಡಿ, ದೋಷ ಎಲ್ಲಿದೆಯೆಂದು ಪತ್ತೆ ಮಾಡಿ, ಸರಿಪಡಿಸಿ, ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಲು ತೆಗೆದುಕೊಂಡದ್ದು 25 ಗಂಟೆ.

ದೋಷವಿದ್ದದ್ದು ಪುಟದಲ್ಲಿ ಚಿತ್ರಗಳು, ಬಟನ್‌ಗಳು ಚಲಿಸುವಂತೆ ಮಾಡುವ ಅನಿಮೇಷನ್ ಭಾಗದಲ್ಲಿ. ಬ್ರೌಸರ್ ತನ್ನ ಕೆಲಸಕ್ಕೆಂದು ಮೆಮೊರಿಯಲ್ಲಿ ಒಂದಷ್ಟು ಜಾಗ ಹಿಡಿಯುತ್ತದೆ, ಕೆಲಸ ಮುಗಿದ ಮೇಲೆ ಬಿಟ್ಟುಕೊಡುತ್ತದೆ. ಆದರೆ ಕೋಡ್‌ನ ಇನ್ನೆಲ್ಲೋ ಒಂದು ಭಾಗ ಹಳೆಯ ವಿಳಾಸವನ್ನೇ ನೆಚ್ಚಿಕೊಂಡಿರುತ್ತದೆ. ಬಾಡಿಗೆದಾರ ಮನೆ ಖಾಲಿ ಮಾಡಿ ಹೋಗಿದ್ದರೂ ಅವನ ಬಳಿಯಿದ್ದ ಕೀಲಿಕೈ ಇನ್ನೂ ಕೆಲಸ ಮಾಡುತ್ತಿರುವಂಥ ಸ್ಥಿತಿ ಅದು. ಖಾಲಿಯಾದ ಆ ಜಾಗದಲ್ಲಿ ದಾಳಿಕೋರ ತನ್ನ ಸರಕನ್ನು ತಂದಿಡುತ್ತಾನೆ, ಬ್ರೌಸರ್ ಅದನ್ನು ತನ್ನದೇ ಎಂದು ನಂಬುತ್ತದೆ. ಕ್ರೋಮ್‌ನ ಗಂಭೀರ ಭದ್ರತಾ ದೋಷಗಳಲ್ಲಿ ಸುಮಾರು ಶೇ 70ರಷ್ಟು ಹೀಗೆ ಮೆಮೊರಿ ನಿರ್ವಹಣೆಯ ತಪ್ಪುಗಳಿಂದಲೇ ಹುಟ್ಟಿದವು ಎಂದು ಅದರ ಕೋಡ್ ರೂಪಿಸುವ ಕ್ರೋಮಿಯಂ ತಂಡ 2020ರಲ್ಲಿ ಹೇಳಿತ್ತು. ಕೋಟ್ಯಂತರ ಸಾಲುಗಳ ಹಳೆಯ ಕೋಡ್ ಒಂದೆರಡು ವರ್ಷದಲ್ಲಿ ಬದಲಾಗುವಂಥದ್ದಲ್ಲ. ದೋಷಗಳು ಬರುತ್ತಲೇ ಇರುತ್ತವೆ, ಅಪ್‌ಡೇಟ್‌ಗಳೂ ಬರುತ್ತಲೇ ಇರಬೇಕಾಗುತ್ತದೆ.

ಅಪಾಯ ಉಳಿಯುವುದು 25 ಗಂಟೆಯ ನಂತರದ ದಿನಗಳಲ್ಲಿ. ಫೈರ್‌ಫಾಕ್ಸ್ ಅಪ್‌ಡೇಟ್ ಅಕ್ಟೋಬರ್ 9ಕ್ಕೆ ಬಂತು. ಅಕ್ಟೋಬರ್ 10ರಿಂದ ನವೆಂಬರ್ 4ರವರೆಗೂ, ಮುಖ್ಯವಾಗಿ ಯುರೋಪ್ ಮತ್ತು ಉತ್ತರ ಅಮೆರಿಕದಲ್ಲಿ, ಜನ ಆ ದಾಳಿಯ ಪುಟಗಳಿಗೆ ಹೋಗುತ್ತಿದ್ದುದನ್ನು ಇಸೆಟ್ ದಾಖಲಿಸಿದೆ. ಔಷಧಿ ಸಿದ್ಧವಿದ್ದ ದಿನಗಳವು. ಅಪ್‌ಡೇಟ್ ಹಾಕಿಕೊಂಡವರಿಗೆ ಅದೇ ಪುಟದಿಂದ ಏನೂ ಆಗುತ್ತಿರಲಿಲ್ಲ.

ಪರಿಹಾರ ಸಿದ್ಧವಾಗುವುದಕ್ಕೂ ಅದು ತಲುಪುವುದಕ್ಕೂ ನಡುವಿನ ಈ ಅಂತರ ಕೇವಲ ಸೋಮಾರಿತನದ ಮಾತಲ್ಲ. ಕ್ರೋಮ್, ಎಡ್ಜ್, ಬ್ರೇವ್, ಒಪೆರಾ ಎಲ್ಲಕ್ಕೂ ಬುನಾದಿಯಾಗಿರುವ ಕ್ರೋಮಿಯಂನ ಕೋಡ್ ಯಾರು ಬೇಕಾದರೂ ಓದುವಂತೆ ಬಹಿರಂಗವಾಗಿದೆ. ಸರಿಪಡಿಸಿದ ಕೋಡ್ ಅಲ್ಲಿ ಸೇರಿದ ಗಳಿಗೆಯಿಂದ, ಏನು ಬದಲಾಯಿತು, ಏಕೆ ಬದಲಾಯಿತು ಎಂದು ಬಲ್ಲವರು ಓದಿಕೊಳ್ಳಬಹುದು. ತೇಪೆ ಎಲ್ಲಿ ಬಿತ್ತೆಂದು ನೋಡಿದರೆ ಬಟ್ಟೆ ಎಲ್ಲಿ ಹರಿದಿತ್ತೆಂದು ತಿಳಿಯುತ್ತದೆ. ಹೀಗಾಗಿ ಕೋಡ್ ಸರಿಯಾದ ದಿನಕ್ಕೂ ಅದು ಬಳಕೆದಾರರಿಗೆ ಸಿಗುವ ದಿನಕ್ಕೂ ನಡುವಿನ ಅವಧಿಯನ್ನು ತಗ್ಗಿಸಲು ಗೂಗಲ್ ವರ್ಷಗಳಿಂದ ಹೆಣಗಿದೆ. ಮೊದಲು 35 ದಿನವಿದ್ದ ಸರಾಸರಿ ಅಂತರ 2020ರ ಹೊತ್ತಿಗೆ 15 ದಿನಕ್ಕೆ ಇಳಿಯಿತು. 2023ರ ಆಗಸ್ಟ್‌ನಲ್ಲಿ, ಕ್ರೋಮ್ 116ರಿಂದ, ಭದ್ರತಾ ಅಪ್‌ಡೇಟ್‌ಗಳು ವಾರಕ್ಕೊಮ್ಮೆ ಬರತೊಡಗಿದವು.

ಇಷ್ಟೆಲ್ಲ ಆಗಿ ಬಂದ ಅಪ್‌ಡೇಟ್ ಎಲ್ಲಿ ನಿಲ್ಲುತ್ತದೆ? ಕ್ರೋಮ್‌ನ ಬಲ ಮೂಲೆಯಲ್ಲಿ. ಹೊಸ ಆವೃತ್ತಿ ಸದ್ದಿಲ್ಲದೆ ಡೌನ್‌ಲೋಡ್ ಆಗಿ ಕುಳಿತಿರುತ್ತದೆ, ಬ್ರೌಸರನ್ನು ಮುಚ್ಚಿ ಮತ್ತೆ ತೆರೆಯುವವರೆಗೆ ಓಡುತ್ತಿರುವುದು ಹಳೆಯದೇ. ಅಪ್‌ಡೇಟ್ ಬಂದು ಎರಡು ದಿನದೊಳಗಾದರೆ ಮೂಲೆಯ ಗುರುತು ಹಸಿರು, ನಾಲ್ಕು ದಿನವಾದರೆ ಕಿತ್ತಳೆ, ವಾರ ದಾಟಿದರೆ ಕೆಂಪು. ನಾಲ್ಕಾರು ಇಲಾಖೆಗಳ ಟ್ಯಾಬ್‌ಗಳನ್ನು ಸಾಲಾಗಿ ತೆರೆದಿಟ್ಟುಕೊಂಡು ಪಹಣಿ, ಜಾತಿ ಪ್ರಮಾಣಪತ್ರ, ಪಿಂಚಣಿ ಅರ್ಜಿ ಎಂದು ಬೆಳಗಿನಿಂದ ಸಂಜೆವರೆಗೆ ಕೆಲಸ ಮಾಡುವ ಸೇವಾ ಕೇಂದ್ರಗಳಲ್ಲಿ ಆ ಕೆಂಪಿಗೆ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಎದುರಿಗೆ ಜನ ಕಾಯುತ್ತಿರುವಾಗ ಲಾಗಿನ್ ಹೋದರೆ ಮತ್ತೆ ಒಟಿಪಿ ಬರಬೇಕು, ಸರ್ವರ್ ಎದ್ದಿರಬೇಕು. ‘ಆಮೇಲೆ ಮಾಡಿದರಾಯಿತು’ ಎನ್ನುವವರನ್ನು ದೂರಿ ಪ್ರಯೋಜನವಿಲ್ಲ. ಆದರೆ ಊರಿನವರ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆಯ ವಿವರ ಎಲ್ಲ ಹಾದುಹೋಗುವುದು ಆ ಒಂದು ಬ್ರೌಸರಿನ ಮೂಲಕವೇ. ರಾತ್ರಿ ಬಾಗಿಲು ಹಾಕುವಾಗ ಬ್ರೌಸರನ್ನೂ ಮುಚ್ಚಬೇಕೆಂಬ ನಿಯಮ ಇಂಥ ಕೇಂದ್ರಗಳಿಗೆ ಇರಬೇಕು. ಅದಕ್ಕೆ ಬಜೆಟ್ ಬೇಕಿಲ್ಲ, ಒಂದು ಸುತ್ತೋಲೆ ಸಾಕು.

ಅಪ್‌ಡೇಟ್ ಎಂದರೆ ಹಿಂಜರಿಯುವವರಿಗೂ ಕಾರಣಗಳಿವೆ. 2023ರ ಜುಲೈನಲ್ಲಿ ಆಪಲ್ ತನ್ನ ಬ್ರೌಸರ್ ಎಂಜಿನ್ ವೆಬ್‌ಕಿಟ್‌ನ ದೋಷಕ್ಕೆ ತುರ್ತು ಪರಿಹಾರ ಕೊಟ್ಟಾಗ ಫೇಸ್‌ಬುಕ್, ಇನ್‌ಸ್ಟಾಗ್ರಾಂನಂಥ ಜಾಲತಾಣಗಳೇ ಸರಿಯಾಗಿ ತೆರೆಯದಾದವು. ಅದನ್ನು ಹಿಂಪಡೆದು, ತಿದ್ದಿ, ಕೆಲವೇ ದಿನಗಳಲ್ಲಿ ಮತ್ತೆ ಕೊಡಬೇಕಾಯಿತು. 2024ರ ಡಿಸೆಂಬರ್‌ನಲ್ಲಿ ಸೈಬರ್‌ಹೆವನ್ ಎಂಬ ಭದ್ರತಾ ಕಂಪನಿಯ ಕ್ರೋಮ್ ಎಕ್ಸ್‌ಟೆನ್ಷನ್ ಖಾತೆಗೇ ಕನ್ನ ಹಾಕಿದವರು, ವಿಷ ಬೆರೆಸಿದ ಆವೃತ್ತಿಯನ್ನು ಅಪ್‌ಡೇಟ್ ರೂಪದಲ್ಲೇ ಬಳಕೆದಾರರಿಗೆ ತಲುಪಿಸಿದರು. ಇನ್ನು ‘ನಿಮ್ಮ ಬ್ರೌಸರ್ ಹಳತಾಗಿದೆ, ಇಲ್ಲಿ ಒತ್ತಿ’ ಎಂದು ಪುಟದ ತುಂಬ ಹರಡಿಕೊಂಡು ಮಾಲ್‌ವೇರ್ ಇಳಿಸುವ ಮೋಸವಂತೂ ವರ್ಷಗಳಿಂದ ನಡೆದಿದೆ. ನಿಜವಾದ ಅಪ್‌ಡೇಟ್ ಸಿಗುವುದು ಬ್ರೌಸರಿನ ಸ್ವಂತ ಮೆನುವಿನಲ್ಲಿ ಅಥವಾ ಫೋನಿನ ಆಪ್ ಸ್ಟೋರ್‌ನಲ್ಲಿ. ಯಾವುದೇ ಜಾಲತಾಣದ ಪುಟದಲ್ಲಿ ಅಲ್ಲ. ಈ ಒಂದು ಮಾತನ್ನು ಶಾಲೆಯ ಕಂಪ್ಯೂಟರ್ ತರಗತಿಯಲ್ಲೇ ಹೇಳಿಕೊಡಬೇಕು.

ಈ ಅಡ್ಡಿಗಳನ್ನೆಲ್ಲ ತೂಗಿ ನೋಡಿದರೂ ತಡ ಮಾಡಿದ್ದಕ್ಕೆ ತೆತ್ತ ಬೆಲೆ ದೊಡ್ಡದು. 2010ರ ಜನವರಿಯಲ್ಲಿ ಗೂಗಲ್ ಸೇರಿ ಹಲವು ಕಂಪನಿಗಳೊಳಗೆ ದಾಳಿಕೋರರು ನುಗ್ಗಿದ್ದು ಬಯಲಾಯಿತು. ಅವರು ಬಳಸಿದ್ದು ಇಂಟರ್ನೆಟ್ ಎಕ್ಸ್‌ಪ್ಲೋರರ್‌ನ ಒಂದು ದೋಷವನ್ನು. ಅದರ ಸುಳಿವು ಮೈಕ್ರೋಸಾಫ್ಟ್‌ಗೆ ತಿಂಗಳುಗಳ ಹಿಂದೆಯೇ ಸಿಕ್ಕಿತ್ತು. ಸುದ್ದಿಯಾದ ಮೇಲೆ ಪರಿಹಾರ ಬಂದದ್ದು ಜನವರಿ 21ಕ್ಕೆ. ಅಷ್ಟರಲ್ಲಿ ಜರ್ಮನಿ, ಫ್ರಾನ್ಸ್ ಸರ್ಕಾರದ ಸಂಸ್ಥೆಗಳು ಬೇರೆ ಬ್ರೌಸರ್ ಬಳಸಿರೆಂದು ತಮ್ಮ ಜನರಿಗೆ ಹೇಳಬೇಕಾಗಿ ಬಂದಿತ್ತು.

ಈಗ ಕಂಪನಿಗಳು ಚುರುಕಾಗಿವೆ. 2023ರ ಸೆಪ್ಟೆಂಬರ್ 6ರಂದು ಆಪಲ್‌ನ ಭದ್ರತಾ ತಂಡ ಮತ್ತು ಟೊರೊಂಟೊ ವಿಶ್ವವಿದ್ಯಾಲಯದ ಸಿಟಿಜನ್ ಲ್ಯಾಬ್, ವೆಬ್‌ಪಿ ಚಿತ್ರಗಳನ್ನು ತೆರೆಯುವ ಕೋಡ್‌ನಲ್ಲಿದ್ದ ದೋಷವನ್ನು ಗೂಗಲ್‌ಗೆ ತಿಳಿಸಿದವು. ಕ್ರೋಮ್ ಆ ತಿಂಗಳ 11ಕ್ಕೆ, ಫೈರ್‌ಫಾಕ್ಸ್ 12ಕ್ಕೆ ಸರಿಯಾದವು. ಆದರೆ ಆ ಕೋಡ್ ಬ್ರೌಸರಿನ ಎಂಜಿನ್ನನ್ನೇ ಹೊಟ್ಟೆಯಲ್ಲಿಟ್ಟುಕೊಂಡ ಸ್ಲ್ಯಾಕ್, ಸಿಗ್ನಲ್‌ನಂಥ ಎಷ್ಟೋ ಆಪ್‌ಗಳಲ್ಲೂ ಇತ್ತು. ಪ್ರತಿಯೊಂದಕ್ಕೂ ಬೇರೆ ಅಪ್‌ಡೇಟ್ ಬೇಕಾಯಿತು.

ಎಲ್ಲಕ್ಕಿಂತ ಕಷ್ಟ ಫೋನಿನಲ್ಲಿ. ಹೆಚ್ಚಿನ ಮನೆಗಳಿಗೆ ಇಂಟರ್ನೆಟ್ ಎಂದರೆ ಒಂದು ಆಂಡ್ರಾಯ್ಡ್ ಫೋನ್. ವೈಫೈ ಇದ್ದಾಗ ಮಾತ್ರ ಅಪ್‌ಡೇಟ್ ಎಂಬ ಆಯ್ಕೆಯಿದ್ದು, ಮನೆಯಲ್ಲಿ ವೈಫೈಯೇ ಇಲ್ಲದಿದ್ದರೆ ಬ್ರೌಸರ್ ಇದ್ದಲ್ಲೇ ಇರುತ್ತದೆ. ಫೋಟೊ, ವಿಡಿಯೊಗಳಿಂದ ಸ್ಟೋರೇಜ್ ತುಂಬಿದ್ದರೂ ಅದೇ ಗತಿ. ಇವನ್ನಾದರೂ ಸರಿಪಡಿಸಿಕೊಳ್ಳಬಹುದು. ಫೋನೇ ಹಳತಾದರೆ ಮಾಲೀಕ ಏನೂ ಮಾಡಲಾರ. 2025ರಲ್ಲಿ ಬಂದ ಕ್ರೋಮ್ 138, ಆಂಡ್ರಾಯ್ಡ್ 8 ಮತ್ತು 9ರ ಫೋನ್‌ಗಳಿಗೆ ಕೊನೆಯದು. ಅಂಥ ಫೋನ್ ಚೆನ್ನಾಗಿಯೇ ನಡೆಯುತ್ತಿರಬಹುದು, ಪರದೆಯಲ್ಲಿ ಒಂದು ಗೀರೂ ಇಲ್ಲದಿರಬಹುದು. ಆ ಆವೃತ್ತಿಯ ನಂತರ ಸಿಗುವ ದೋಷಗಳಿಗೆ ಅದರ ಕ್ರೋಮ್‌ನಲ್ಲಿ ಪರಿಹಾರವಿಲ್ಲ. ಅದೇ ಫೋನಿನಲ್ಲಿ ಗ್ಯಾಸ್ ಬುಕಿಂಗ್, ವಿದ್ಯುತ್ ಬಿಲ್ಲು, ಮಗಳ ಕಾಲೇಜಿನ ಶುಲ್ಕ ಎಲ್ಲವೂ ನಡೆಯುತ್ತಿರುತ್ತದೆ.

ಹತ್ತು ಸಾವಿರ ರೂಪಾಯಿಯ ಫೋನ್ ಕೊಳ್ಳುವವರು ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್, ಬ್ಯಾಟರಿ ಎಷ್ಟು ಹೊತ್ತು ಎಂದು ವಿಚಾರಿಸುತ್ತಾರೆ, ಅಂಗಡಿಯವರು ಹೇಳುತ್ತಾರೆ. ಭದ್ರತಾ ಅಪ್‌ಡೇಟ್ ಯಾವ ವರ್ಷದವರೆಗೆ ಬರುತ್ತದೆಂಬುದನ್ನು ಪೆಟ್ಟಿಗೆಯ ಮೇಲೆ, ಬೆಲೆಯ ಪಕ್ಕದಲ್ಲೇ, ಕನ್ನಡವೂ ಸೇರಿದಂತೆ ಆಯಾ ರಾಜ್ಯದ ಭಾಷೆಯಲ್ಲಿ ಮುದ್ರಿಸುವುದನ್ನು ಕೇಂದ್ರ ಸರ್ಕಾರ ಕಡ್ಡಾಯ ಮಾಡಬೇಕು. ರಾಜ್ಯ ಸರ್ಕಾರ ಶಾಲೆ, ಕಚೇರಿಗಳಿಗೆ ಕಂಪ್ಯೂಟರ್ ಮತ್ತು ಟ್ಯಾಬ್ಲೆಟ್ ಕೊಳ್ಳುವ ಟೆಂಡರಿನಲ್ಲೂ ಇದೇ ಷರತ್ತು ಹಾಕಬೇಕು. ಬ್ರಿಟನ್‌ನಲ್ಲಿ 2024ರ ಏಪ್ರಿಲ್ 29ರಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ, ಇಂಟರ್ನೆಟ್‌ಗೆ ಸೇರುವ ಸಾಧನ ಮಾರುವವರು ಕನಿಷ್ಠ ಎಷ್ಟು ಕಾಲ ಭದ್ರತಾ ಅಪ್‌ಡೇಟ್ ಕೊಡುತ್ತೇವೆಂದು ಹೇಳಲೇಬೇಕು. ಇಲ್ಲಿ ಫೋನ್ ಮಾರುವ ದೊಡ್ಡ ಕಂಪನಿಗಳು ಅಲ್ಲಿಯೂ ಮಾರುತ್ತವೆ, ಆ ದಿನಾಂಕವನ್ನು ಅಲ್ಲಿ ಬರೆದುಕೊಡುತ್ತಿವೆ.